ಸೊನ್ನೆಯ ಮೇಲಿನ ಅಡ್ಡಗೆರೆ

ಶ್ರಾವಣದ ಎರಡನೆಯ ಸೋಮವಾರ. ಬೆಳಿಗ್ಗೆ ಐದು ಗಂಟೆ ನಲವತ್ತು ನಿಮಿಷ. ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರದಲ್ಲಿ ನಮ್ಮ ಮನೆಯ ಅಂಗಳ. ಎದ್ದಿದ್ದವರು ಇಬ್ಬರು. ನಾನು, ನೀಲಮ್ಮ, ವಯಸ್ಸು ಅರವತ್ತಾರು. ಒಳಗೆ ಚಹಾಕ್ಕಿಟ್ಟಿದ್ದ ಸೊಸೆ ಸುಜಾತಾ. ಮಗ ಮಹೇಶ ಇನ್ನೂ ಮಲಗಿದ್ದ.

ಕಸ ಗುಡಿಸುತ್ತಿದ್ದೆ. ಕೆಳದವಡೆಯ ಎಡಬದಿ ನೋಯತೊಡಗಿತು. ಹಲ್ಲುನೋವು ಅಂದುಕೊಂಡೆ. ಆ ಬದಿಗೆ ಹಲ್ಲೇ ಇಲ್ಲವೆಂಬುದು ಆಮೇಲೆ ನೆನಪಾಯಿತು. ನೋವು ಎಡಹೆಗಲಿಗೆ ಇಳಿಯಿತು. ಬೆವರು ಬಂತು.

ನಾನು ಮೂವತ್ತು ವರ್ಷ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಆಗಿದ್ದವಳು. ಹೊಟ್ಟೆನೋವು ಎಂದು ಬರುವ ಹುಡುಗಿಗೆ, ಮೊದಲು ಹಾಸಿಗೆ ಮಡಚಿ ಬಾ, ಆಮೇಲೆ ಹೇಳು ಅನ್ನುತ್ತಿದ್ದೆ. ಆ ದಿನ ನನಗೂ ಅದನ್ನೇ ಹೇಳಿಕೊಂಡೆ. ಕಸ ಮುಗಿಸಿದೆ. ರಂಗೋಲಿ ಹಾಕಿದೆ. ಅಜವಾನದ ನೀರು ಕುಡಿದೆ. ಸ್ನಾನ ಮಾಡಿದೆ. ಪೂಜೆಗೆ ಕೂತಾಗ ವಿಭೂತಿ ಗಟ್ಟಿ ಕೈಯಿಂದ ಜಾರಿ ಬಿತ್ತು. ಎತ್ತಿಕೊಳ್ಳಲು ಕೈ ಬರಲಿಲ್ಲ.

ಏಳು ಗಂಟೆ ಹತ್ತು ನಿಮಿಷ. ತೊಂಬತ್ತು ನಿಮಿಷ ಹಾಳು ಮಾಡಿದ್ದೆ.

"ಅತ್ತೀ, ಮಾರಿ ಯಾಕ ಹಿಂಗಾಗೈತ್ರಿ?" ಸುಜಾತಾ ಬಾಗಿಲಲ್ಲಿ ನಿಂತಳು.

"ಏನಿಲ್ಲ. ಗ್ಯಾಸು."

"ಗ್ಯಾಸಿಗೆ ಸೀರಿ ಹಿಂಡೂವಷ್ಟು ಬೆವರು ಬರ್ತೈತೇನ್ರಿ?" ಎಂದವಳೇ ಒಳಗೆ ತಿರುಗಿ ಗಂಡನನ್ನು ಕೂಗಿದಳು. "ಏಳ್ರೀ, ಗಾಡಿ ತಗೀರಿ ಮೊದಲು!"

ಕೊಪ್ಪಳದಲ್ಲಿ ಇಸಿಜಿ. ಅಲ್ಲಿಂದ ಆಂಬುಲೆನ್ಸಿನಲ್ಲಿ ಹುಬ್ಬಳ್ಳಿ. ಮಧ್ಯಾಹ್ನದ ಹೊತ್ತಿಗೆ ಆಂಜಿಯೋಪ್ಲಾಸ್ಟಿ. ಎರಡು ಸ್ಟೆಂಟ್.

ಮೂರನೆಯ ದಿನ ರೌಂಡ್ಸಿಗೆ ಬಂದ ಡಾಕ್ಟರು ಎದೆಯನ್ನು ನೋಡುವ ಬದಲು ನನ್ನ ಕೈ ಹಿಡಿದುಕೊಂಡರು. ಬೆರಳುಗಳ ಗೆಣ್ಣಿನ ಮೇಲೆ ಕಡಲೆಕಾಳಿನಷ್ಟು ಗಂಟುಗಳಿವೆ. ಅವನ್ನು ಒತ್ತಿ ನೋಡಿದರು.

"ಇವು ಯಾವಾಗಿಂದ ಇವೆ?"

"ಸಣ್ಣಾಕಿ ಇದ್ದಾಗಿಂದ ಅದಾವ್ರಿ. ನಮ್ಮಪ್ಪಗೂ ಇದ್ವು. ಕುಷ್ಟಗ್ಯಾಗ ನಮ್ಮನ್ನ ಗಂಟಿನವರು ಅಂತಾರ."

ಅವರು ಹೊದಿಕೆ ಸರಿಸಿ, ಹಿಮ್ಮಡದ ಮೇಲಿನ ನರವನ್ನು ಎರಡು ಬೆರಳಲ್ಲಿ ಹಿಡಿದರು. ಅದು ಹಗ್ಗದಷ್ಟು ದಪ್ಪವಿದೆ. ನಮ್ಮ ಕಾಲೇ ಹಾಗೆ ಎಂದು ತಿಳಿದಿದ್ದೆ.

"ಅಪ್ಪ ಹೇಗೆ ತೀರಿಕೊಂಡರು?"

"ನಲವತ್ನಾಕಕ್ಕ, ಹೊಲದಾಗ ಬಿದ್ರು. ಅಣ್ಣ ಮೂವತ್ತೊಂಬತ್ತಕ್ಕ, ಬಸ್‌ಸ್ಟ್ಯಾಂಡಿನಾಗ. ಮಂದಿ ಗಾಳಿ ಬಡೀತು ಅಂದ್ರು."

"ಗಾಳಿಯಲ್ಲ, ಅಮ್ಮ. ಇದು."

ಅವರು ಬಿಡಿಸಿ ಹೇಳಿದರು. ಎಲ್‌ಡಿಎಲ್ ಎಂಬ ಕೊಲೆಸ್ಟ್ರಾಲನ್ನು ರಕ್ತದಿಂದ ಎಳೆದುಕೊಳ್ಳುವ ಕೆಲಸ ಯಕೃತ್ತಿನದು. ನಮ್ಮ ಮನೆತನದಲ್ಲಿ ಆ ಕೆಲಸದ ಜೀನ್ ಕೆಟ್ಟಿದೆ. ಹುಟ್ಟಿದ ದಿನದಿಂದಲೇ ಅದು ರಕ್ತನಾಳಗಳಲ್ಲಿ, ಗೆಣ್ಣಿನಲ್ಲಿ, ಹಿಮ್ಮಡದಲ್ಲಿ ಕೂಡುತ್ತ ಬರುತ್ತದೆ. ಗುಳಿಗೆಯಿಂದ ಇಳಿಸಬಹುದು. ಆದರೆ ಗೊತ್ತಾಗಬೇಕು. ಅದಿದ್ದವರ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ಇಂಥ ಮನೆತನಗಳನ್ನು ಹುಡುಕಿ ಅಧ್ಯಯನ ಮಾಡುವ ತಂಡವೊಂದಿದೆ, ಹೆಸರು ಕೊಡಲೇ ಎಂದು ಕೇಳಿದರು.

ಕೊಡಿ ಅಂದೆ. ಒಳ್ಳೆಯ ಕೆಲಸ ಅನ್ನಿಸಿತು. ಅದರಿಂದ ಏನೇನು ಹೊರಬೀಳುತ್ತದೆ ಎಂದು ಆಗ ಯೋಚಿಸಲಿಲ್ಲ.

ಮನೆಗೆ ಬಂದೆ. ಮೂರು ಮೆಟ್ಟಿಲು ಹತ್ತಿದರೆ ನಿಲ್ಲಬೇಕು. ಕೊಡ ಎತ್ತುವಂತಿಲ್ಲ. ಸುಜಾತಾ ಕಸಬರಿಗೆಯನ್ನು ಅಟ್ಟದ ಮೇಲಿಟ್ಟಳು. ಬೆಳಿಗ್ಗೆ ಐದಕ್ಕೆ ಎಚ್ಚರವಾಗಿ, ಮಾಡುವ ಕೆಲಸವಿಲ್ಲದೆ, ಏಳರವರೆಗೆ ಹಾಸಿಗೆಯಲ್ಲಿ ಕೂತಿರುವುದೇ ನನಗೆ ಎದೆನೋವಿಗಿಂತ ಕಷ್ಟವಾಯಿತು. ಎಂಟು ಗುಳಿಗೆಗಳಿಗೆ ಹೊತ್ತು ಗೊತ್ತುಮಾಡಿ, ಗಡಿಯಾರದ ಕೆಳಗೆ ಚೀಟಿ ಅಂಟಿಸಿದೆ. ಅದೊಂದೇ ಕೆಲಸ ನನ್ನ ಕೈಯಲ್ಲಿ ಉಳಿದಿತ್ತು.

ಭಾದ್ರಪದದಲ್ಲಿ ಸಮೀನಾ ಬಂದಳು. ಗಂಗಾವತಿಯ ಹುಡುಗಿ, ಆ ಸಂಶೋಧಕರ ತಂಡದವಳು. ಹೇಳಿದ್ದ ಸಮಯ ಹತ್ತು. ಹತ್ತಕ್ಕೆ ಐದು ನಿಮಿಷ ಇರುವಾಗಲೇ ಬಾಗಿಲಲ್ಲಿ ಚಪ್ಪಲಿ ಬಿಟ್ಟಳು. ನನಗೆ ಹಿಡಿಸಿದಳು.

ಅವರ ಕೆಲಸಕ್ಕೆ ಒಂದು ಕ್ರಮವಿದೆ. ಕೆಟ್ಟ ಜೀನ್ ಯಾವುದೆಂದು ಮೊದಲು ರೋಗಿಯ ರಕ್ತದಲ್ಲಿ ಗುರುತಿಸುತ್ತಾರೆ. ಆಮೇಲೆ ಒಡಹುಟ್ಟಿದವರ, ಮಕ್ಕಳ ರಕ್ತ ನೋಡುತ್ತಾರೆ. ಯಾರಲ್ಲಿ ಸಿಕ್ಕಿತೋ ಅವರ ಮಕ್ಕಳಿಗೆ ಮುಂದುವರಿಯುತ್ತಾರೆ. ಯಾರಲ್ಲಿ ಸಿಗಲಿಲ್ಲವೋ ಅವರ ಕೆಳಗೆ ಹುಡುಕುವುದಿಲ್ಲ. ತಾಯಿಯಲ್ಲಿ ಇಲ್ಲದ್ದು ತಾಯಿಯಿಂದ ಮಗುವಿಗೆ ಬಾರದು.

ಅವಳು ದೊಡ್ಡ ಹಾಳೆ ಹರಡಿ ಪೆನ್ಸಿಲ್ ತೆಗೆದಳು. ಗಂಡಸಿಗೆ ಚೌಕ, ಹೆಂಗಸಿಗೆ ಸೊನ್ನೆ. ಕಾಯಿಲೆ ಇದ್ದವರಿಗೆ ಕಪ್ಪು ತುಂಬುತ್ತಾಳೆ. ಸತ್ತವರಿಗೆ ಅಡ್ಡಗೆರೆ. ಹೆಸರಿಲ್ಲ, ನಂಬರು ಮಾತ್ರ. ಅಪ್ಪ ಒಂದು ಚೌಕವಾದರು, ಅಡ್ಡಗೆರೆ ಬಿತ್ತು. ಮಕ್ಕಳಿಲ್ಲದೆ ಹೋದ ಅಣ್ಣನದೂ ಹಾಗೆಯೇ. ಪಕ್ಕದಲ್ಲಿ ನಾನು, ನನ್ನ ಪಕ್ಕದಲ್ಲಿ ತಂಗಿ ಗಂಗವ್ವ. ಅವಳ ಊರು ಯಲಬುರ್ಗಾ ಕಡೆಯ ಬೇವೂರು.

"ನಿಮ್ಮ ಮಕ್ಕಳು ಎಷ್ಟ್ರಿ ಮೇಡಮ್ಮಾರ? ಸಾಕಿದ್ದು, ಮಾತಿಗೆ ಮಕ್ಕಳು ಅನ್ನೂದು ಬ್ಯಾಡ್ರಿ. ಹಡದದ್ದಷ್ಟ ಹೇಳ್ರಿ."

ಚಹಾ ತಂದಿಟ್ಟ ಸುಜಾತಾ ಅಲ್ಲೇ ನಿಂತಿದ್ದಳು.

"ಇಬ್ಬರು. ಮಹೇಶ ಒಬ್ಬಾಂವ. ಇನ್ನೊಂದು ಹೆಣ್ಣು. ಉಳೀಲಿಲ್ಲ."

ಸಮೀನಾ ಮಹೇಶನ ಪಕ್ಕದಲ್ಲಿ ಸಣ್ಣದೊಂದು ಸೊನ್ನೆ ಬರೆದಳು. ಅದರ ಮೇಲೆ ಅಡ್ಡಗೆರೆ ಎಳೆದಳು.

ಆ ಹೆಣ್ಣು ಉಳಿದಿದೆ.

ನಲವತ್ತೊಂದು ವರ್ಷದ ಹಿಂದೆ ನಾನೂ ಗಂಗವ್ವನೂ ಒಂದೇ ತಿಂಗಳಲ್ಲಿ ಹೆರಿಗೆಗೆಂದು ಕುಷ್ಟಗಿಯ ತವರಿಗೆ ಬಂದಿದ್ದೆವು. ಗಂಗವ್ವನಿಗೆ ಮೊದಲಿನ ಮೂರು ನಿಂತಿರಲಿಲ್ಲ. ನಾಲ್ಕನೆಯದು ದಿನ ತುಂಬಿ ಹುಟ್ಟಿ ಎರಡನೆಯ ದಿನ ಹೋಯಿತು. ಮೂರು ದಿನ ಬಿಟ್ಟು ನನಗೆ ಹೆಣ್ಣು ಹುಟ್ಟಿತು. ನನಗೆ ಇನ್ನೂ ಹಾಲು ಇಳಿದಿರಲಿಲ್ಲ. ಅವಳು ಹಾಲು ಬಿಗಿದು ಜ್ವರದಲ್ಲಿ ನರಳುತ್ತಿದ್ದಳು. ನಮ್ಮವ್ವ ನನ್ನ ಕೂಸನ್ನೆತ್ತಿ ಅವಳ ತೊಡೆಯ ಮೇಲಿಟ್ಟಳು, ಒಂದು ಸಲ ಕುಡಿಸಲಿ ಎಂದು. ಕೂಸು ಕುಡಿದು ನಿದ್ದೆ ಹೋಯಿತು. ಗಂಗವ್ವ ಅದರ ಮುಖ ನೋಡುತ್ತ ಕೂತಳು. ಬೇವೂರಿನಲ್ಲಿ ಅವಳ ಅತ್ತೆ ಮಗನಿಗೆ ಬೇರೆ ಹೆಣ್ಣು ಹುಡುಕುವ ಮಾತಾಡುತ್ತಿದ್ದಳು. ಕೂಸು ಹೋದ ಸುದ್ದಿ ಅಲ್ಲಿಗೆ ಇನ್ನೂ ಮುಟ್ಟಿರಲಿಲ್ಲ.

ಐದನೆಯ ದಿನ ನಾನೇ ಕೂಸನ್ನು ತಂಗಿಯ ಉಡಿಯಲ್ಲಿ ಹಾಕಿದೆ. ಯಾರೂ ಒತ್ತಾಯ ಮಾಡಲಿಲ್ಲ. ನಮ್ಮ ಕಡೆ ಉಡಿಯಲ್ಲಿ ಹಾಕಿದ್ದನ್ನು ತಿರುಗಿ ಕೇಳುವುದಿಲ್ಲ. ತಿರುಗಿ ಹೇಳುವುದೂ ಇಲ್ಲ. ಕೊಪ್ಪಳದವರಿಗೆ ನನ್ನ ಕೂಸು ಉಳಿಯಲಿಲ್ಲ ಎಂದಾಯಿತು. ಬೇವೂರಿನವರಿಗೆ ಮೊಮ್ಮಗಳು ಬಂದಳು. ಹೆಸರು ರೇಣುಕಾ. ನಿಜ ಗೊತ್ತಿದ್ದವರು ನಾಲ್ವರು: ಅವ್ವ, ನನ್ನ ಯಜಮಾನರು, ಗಂಗವ್ವ, ನಾನು. ಈಗ ಉಳಿದವರು ನಾವಿಬ್ಬರು.

ದೀಪಾವಳಿ ಕಳೆದ ಮೇಲೆ ನನ್ನ, ಮಹೇಶನ, ಗಂಗವ್ವನ ರಕ್ತದ ರಿಪೋರ್ಟ್ ಬಂತು. ನನ್ನ ಸೊನ್ನೆಗೆ ಕಪ್ಪು. ಮಹೇಶನಿಗೆ ಇಲ್ಲ. ಗಂಗವ್ವನಿಗೂ ಇಲ್ಲ.

"ನಿಮ್ಮ ಮನಿತನದಾಗ ಇದು ನಿಮ್ಮ ಕೂಡನ ನಿಂತುಬಿಡ್ತ್ರಿ ಮೇಡಮ್ಮಾರ," ಎಂದಳು ಸಮೀನಾ. ಅವಳಿಗೆ ನಿಜವಾಗಿಯೂ ಸಂತೋಷವಾಗಿತ್ತು. ಸುಜಾತಾ ಕಣ್ಣೊರೆಸಿಕೊಂಡಳು. ಮಗಳನ್ನು ಕರೆದುಕೊಂಡು ಬಂದಿದ್ದ ಗಂಗವ್ವ ಎಲ್ಲರ ಬಾಯಿಗೂ ಸಕ್ಕರೆ ಹಾಕಿದಳು. "ನನಗ ಇಲ್ಲಂದ್ರ ನನ್ನ ಮಗಳಿಗೂ ಇಲ್ಲ, ಮೊಮ್ಮಕ್ಕಳಿಗೂ ಇಲ್ಲ, ಹೌದಲ್ಲವಾ?"

"ಹೌದ್ರಿ ಅಮ್ಮಾರ. ನಿಮ್ಮ ಕೆಳಗ ಯಾರನ್ನೂ ತಪಾಸಣಿ ಮಾಡೂದ ಬ್ಯಾಡ."

ಅದೇ ಹೊತ್ತಿಗೆ ರೇಣುಕಾ ಸಕ್ಕರೆ ಡಬ್ಬಿಯನ್ನು ಮೇಲಿನ ಹಲಗೆಗೆ ಇಡಲು ತುದಿಗಾಲಲ್ಲಿ ನಿಂತಳು. ಡಾಕ್ಟರು ನನ್ನ ಕಾಲಲ್ಲಿ ಬೆರಳಿಟ್ಟು ಹಿಡಿದ ಜಾಗ ಅವಳ ಕಾಲಲ್ಲಿ ಕಂಡಿತು. ಹಗ್ಗದಷ್ಟು ದಪ್ಪ.

ಅಣ್ಣ ಹೋದದ್ದು ಮೂವತ್ತೊಂಬತ್ತಕ್ಕೆ. ರೇಣುಕಾಗೆ ನಲವತ್ತೊಂದು.

ಮರುವಾರ ಒಂಬತ್ತರ ಬಸ್ಸಿಗೆ ಬೇವೂರಿಗೆ ಹೋದೆ. ಸುಜಾತಾ ಬೇಡವೆಂದಳು. ಹೋದೆ. ಗಂಗವ್ವ ಪಡಸಾಲೆಯಲ್ಲಿ ಕೂತು ಮೊರದಲ್ಲಿ ಹೆಸರುಕಾಳು ಹಸನು ಮಾಡುತ್ತಿದ್ದಳು. ರೇಣುಕಾಳ ಕಾಲಲ್ಲಿ ಕಂಡದ್ದನ್ನು ಹೇಳಿದೆ. ಮೊರ ಕೆಳಗಿಟ್ಟಳು.

"ಉಡಿಯಾಗ ಹಾಕಿದ್ದನ್ನ ತಿರುಗಿ ಕೇಳಾಕ ಬಂದಿಯೇನಕ್ಕಾ?"

"ಹುಚ್ಚರಂಗ ಮಾತಾಡಬ್ಯಾಡ. ಆಕಿ ನಿನ್ನ ಮಗಳು. ನನಗ ಬೇಕಾಗಿದ್ದು ಆಕಿದೊಂದು ಸಿರಿಂಜ್ ರಕ್ತ."

"ರಕ್ತನ ಕೇಳಿದ ಮ್ಯಾಲ ನನಗ ಉಳೀತೈತೇನು?"

ಮೊರವನ್ನು ನನ್ನ ಕಡೆ ಎಳೆದುಕೊಂಡೆ. ಸ್ವಲ್ಪ ಹೊತ್ತು ಇಬ್ಬರೂ ಹೆಸರುಕಾಳಿನಲ್ಲಿ ಕಲ್ಲು ಹುಡುಕಿದೆವು. ಕೊನೆಗೆ ಅವಳೇ ದಾರಿ ಹುಡುಕಿದಳು.

"ಹೇಳದನ ಮಾಡೂಣು. ವಯಸ್ಸಾತು, ಒಂದಿನ ರಕ್ತಾ ತೋರಿಸ್ಕೊಳ್ಳವಾ ಅಂತೀನಿ. ನನ್ನ ಮಾತು ಮೀರೂದಿಲ್ಲ ಆಕಿ."

"ಮೀರಿದರ?"

"ಮೀರಿದರ ಹೇಳೂಣು. ಅಲ್ಲಿತನಕ ಬಾಯಿ ಮುಚ್ಚಿಕೊಂಡಿರು. ನಾನೇನು ನಿನ್ನ ಹಾಸ್ಟೆಲ್ ಹುಡುಗಿ ಅಲ್ಲ."

ಒಪ್ಪಿದೆ. ಗುಟ್ಟೂ ಉಳಿಯಲಿ, ಜೀವವೂ ಉಳಿಯಲಿ ಎಂಬ ಆಸೆ ನನಗೂ ಇತ್ತು.

ರೇಣುಕಾ ಯಲಬುರ್ಗಾದಲ್ಲಿರುತ್ತಾಳೆ. ಗಂಡನದು ಪಂಪ್‌ಸೆಟ್ ರಿಪೇರಿ, ಅವಳದು ಹೊಲಿಗೆ. ಇಬ್ಬರು ಹೆಣ್ಣುಮಕ್ಕಳು: ಹದಿನಾಲ್ಕರ ಅಕ್ಷತಾ, ಹತ್ತರ ಸೃಷ್ಟಿ. ಅವ್ವನ ಮಾತಿಗೆ ಅಲ್ಲಿನ ಲ್ಯಾಬಿನಲ್ಲಿ ರಕ್ತ ಕೊಟ್ಟಳು. ಎಲ್‌ಡಿಎಲ್ ಹೆಚ್ಚುಕಡಿಮೆ ನನ್ನಷ್ಟೇ ಬಂತು. ಅಲ್ಲಿನ ಡಾಕ್ಟರು ಗುಳಿಗೆ ಬರೆದರು. ನಾನು ನಿರಾಳವಾದೆ. ತಪ್ಪು ಮಾಡಿದೆ.

ಸಂಕ್ರಾಂತಿಗೆ ಅವಳು ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬಂದಳು. ಗುಳಿಗೆ ತಪ್ಪದೆ ತಗೊಳ್ಳುತ್ತೀಯಾ ಎಂದು ಕೇಳಿದೆ.

"ಬಿಟ್ಟೆ ದೊಡ್ಡವ್ವಾ. ಮೈಕೈ ನೋಯ್ತಾವ. ನೀ ಅಂತೂ ಯಾವಾಗ ನೋಡಿದ್ರೂ ಗುಳಿಗಿ ಮಾತು ತಗೀತಿ."

"ಕೇಳದ ಯಾಕ ಬಿಟ್ಟಿ?"

"ಅವ್ವನ ರಿಪೋರ್ಟ್ ಛಲೋ ಬಂದೈತಿ. ಮನಿತನದ ಬ್ಯಾನಿ ಅಲ್ಲಂದ ಮ್ಯಾಲ ಇದು ತಿಂದದ್ದಕ್ಕ ಬಂದದ್ದು. ಮಿರ್ಚಿ ಬಿಟ್ಟೇನಿ ನೋಡು, ಅದಕ್ಕಿಂತ ಇನ್ನೇನು ಬಿಡ್ಲಿ?"

"ಹುಡುಗ್ಯಾರ ರಕ್ತಾ ತೋರಿಸಿದ್ಯಾ?"

"ಅವಕ್ಯಾಕ?" ಎಂದು ನಕ್ಕಳು. ಪರ್ಸಿನಿಂದ ಗಂಗವ್ವನ ರಿಪೋರ್ಟಿನ ಝೆರಾಕ್ಸ್ ತೆಗೆದು ನನ್ನ ಮುಂದೆ ಹಿಡಿದಳು. ನಾಲ್ಕು ಮಡಿಕೆಯಾಗಿ ಅಂಚು ಸವೆದಿತ್ತು.

ಆ ಕಾಗದ ಸುಳ್ಳು ಹೇಳಿರಲಿಲ್ಲ. ಅದಕ್ಕೆ ಸುಳ್ಳು ಹೇಳಿದ್ದು ನಾನು. ನನ್ನ ಸುಳ್ಳು ಈಗ ಸಂಶೋಧಕರ ಮೊಹರು ಹಾಕಿಸಿಕೊಂಡು ಅವಳ ಪರ್ಸಿನಲ್ಲಿತ್ತು. ಅದನ್ನು ನಂಬಿ ಅವಳು ಗುಳಿಗೆ ಬಿಟ್ಟಿದ್ದಳು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಸಮೀನಾಗೆ ಫೋನ್ ಮಾಡಿದೆ.

"ನಿಮ್ಮ ಹಾಳ್ಯಾಗ ಒಂದು ತಪ್ಪೈತಿ."

"ಲ್ಯಾಬಿನ ತಪ್ಪೇನ್ರಿ?"

"ನನ್ನ ತಪ್ಪು. ಆ ಸಣ್ಣ ಸೊನ್ನಿ ಮ್ಯಾಲಿನ ಅಡ್ಡಗೆರಿ ತಗೀಬೇಕು." ಎಲ್ಲವನ್ನೂ ಹೇಳಿದೆ.

ಸಮೀನಾ ಪೂರ್ತಿ ಕೇಳಿಸಿಕೊಂಡಳು. "ಅವರಿಗೆ ಗೊತ್ತಿಲ್ಲದ ನಾ ಆ ಗೆರಿ ತಗಿಯಾಕ ಬರೂದಿಲ್ರಿ ಮೇಡಮ್ಮಾರ. ರಕ್ತಕ್ಕೂ ಅವರ ಒಪ್ಪಿಗಿ ಬೇಕು, ಗೆರಿಗೂ ಬೇಕು. ನಿಮ್ಮ ಟೈಮ್ ತಗೋರಿ. ಭಾಳ ತಗೋಬ್ಯಾಡ್ರಿ."

ಬೇವೂರಿಗೆ ಫೋನ್ ಮಾಡಿ ಗುಳಿಗೆ ಬಿಟ್ಟ ಸಂಗತಿ ಹೇಳಿದೆ. ಗಂಗವ್ವ ಒಂದೇ ಮಾತು ಕೇಳಿದಳು. "ಯಾವತ್ತ ಹೋಗೂಣು?"

ಭಾನುವಾರ, ಮಧ್ಯಾಹ್ನ ಮೂರು ಗಂಟೆ, ಯಲಬುರ್ಗಾ. ಇದ್ದವರು ಮೂವರು. ರೇಣುಕಾ ಮಷಿನ್ ಮುಂದೆ ಕೂತಿದ್ದಳು, ಕುಪ್ಪಸದ ತೋಳು ಹೊಲಿಯುತ್ತ. ನಾನು ಬಸ್ಸಿನಲ್ಲಿ ಮೂರು ವಾಕ್ಯ ಜೋಡಿಸಿಕೊಂಡಿದ್ದೆ. ಬಾಯಿ ತೆಗೆಯುವಷ್ಟರಲ್ಲಿ ಗಂಗವ್ವ ಮುಂದಾದಳು.

"ಏ ರೇಣಿ, ಮಷಿನ್ ನಿಲ್ಲಸು."

"ತಡಿಯವಾ, ತೋಳೊಂದು ಮುಗಿಸ್ತೀನಿ."

"ನಿಲ್ಲಸು ಅಂದ್ರ ನಿಲ್ಲಸು. ನಿನ್ನ ಹಡದಾಕಿ ನಾ ಅಲ್ಲ. ಈಕಿ."

ಮಷಿನ್ ನಿಂತಿತು.

ನನ್ನ ಮೂರು ವಾಕ್ಯ ಹೇಳಿದೆ. ನಿನ್ನನ್ನು ನಾನೇ ತಂಗಿಯ ಉಡಿಯಲ್ಲಿ ಹಾಕಿದೆ. ನನ್ನ ಕಾಯಿಲೆ ನಿನಗೆ ಬಂದಿರಬಹುದು, ನಿನ್ನಿಂದ ನಿನ್ನ ಮಕ್ಕಳಿಗೂ ಬಂದಿರಬಹುದು. ಗುಳಿಗೆ ಬಿಡಬೇಡ.

ರೇಣುಕಾ ಕೈಯಿಂದ ಚಕ್ರ ತಿರುಗಿಸಿ ಸೂಜಿ ಎತ್ತಿದಳು. ಬಟ್ಟೆ ಹೊರಗೆಳೆದಳು. ದಾರ ಕತ್ತರಿಸಿದಳು.

"ಮಹೇಶಣ್ಣಗ ಗೊತ್ತೈತೇನು?"

"ಇಲ್ಲ."

"ಹಂಗಾರ ನಾ ಒಬ್ಬಾಕಿನ ಇದನ್ನ ಹೊತ್ಕೊಂಡು ತಿರಗಲೇನು? ಅವಗೂ ಹೇಳ್ರಿ. ಇವತ್ತ ಹೇಳ್ರಿ."

ಬಳಿಕ ಗಂಗವ್ವನ ಕಡೆ ತಿರುಗಿದಳು. "ನೀ ಉಂಡು ಹೋಗು." ನನಗೆ, "ನಿಮ್ಮ ಬಸ್ ತಪ್ಪತೈತಿ, ನೀವು ಹೊಂಡ್ರಿ."

ಹುಟ್ಟಿದಾಗಿನಿಂದ ನನಗೆ ನೀ ಅನ್ನುತ್ತಿದ್ದವಳು. ಆ ದಿನ ಮೊದಲ ಸಲ ನೀವು ಎಂದಳು.

ಸಂಜೆ ಮಹೇಶನಿಗೂ ಸುಜಾತಾಗೂ ಹೇಳಿದೆ. ಮಹೇಶ ಎದ್ದು ಹೊರಗೆ ಹೋಗಿ, ಅರ್ಧ ಗಂಟೆ ಬಿಟ್ಟು ಬಂದ. "ಅಪ್ಪಗ ಗೊತ್ತಿತ್ತೇನು?" "ಗೊತ್ತಿತ್ತು." ಚಪ್ಪಲಿ ಬಿಚ್ಚಿ ಬದಿಗಿಟ್ಟ. "ನಾ ಅಂತೂ ಆಕಿಗೆ ಮೊದಲಿಂದ್ಲೂ ತಂಗಿ ಅಂತಿದ್ದೆ. ಈಗೇನು ಬ್ಯಾರೆ ಕರೀಲಿ?" ನಮ್ಮ ಭಾಷೆಯಲ್ಲಿ ಚಿಕ್ಕವ್ವನ ಮಗಳೂ ತಂಗಿಯೇ. ಅವನಿಗೆ ಮಾತು ಬದಲಿಸುವ ಕಷ್ಟ ಬರಲಿಲ್ಲ. ಸಿಟ್ಟು ಮಾತ್ರ ಬಂದಿತ್ತು. ಎರಡು ದಿನ ನನ್ನ ಜೊತೆ ಊಟಕ್ಕೆ ಕೂರಲಿಲ್ಲ.

ರೇಣುಕಾ ಹನ್ನೊಂದು ದಿನ ಫೋನ್ ಎತ್ತಲಿಲ್ಲ. ಏಳನೆಯ ದಿನ ಎದೆ ಬಿಗಿಯಿತು. ಈ ಸಲ ಕಾಯಲಿಲ್ಲ. ತಕ್ಷಣ ಸುಜಾತಾಳನ್ನು ಕರೆದೆ, ನಾಲಗೆಯ ಕೆಳಗೆ ಗುಳಿಗೆ ಇಟ್ಟುಕೊಂಡೆ, ಇಸಿಜಿ ಮಾಡಿಸಿದೆ. ಏನೂ ಇರಲಿಲ್ಲ. ಡಾಕ್ಟರು ಚಿಂತೆ ಬಿಡಿ ಅಂದರು. ಮಾಡಿದ್ದು ಸರಿಯೇ ಎಂದು ನನಗೆ ಆಗಲೂ ಸಂಶಯವಿರಲಿಲ್ಲ. ಆದರೆ ಸರಿಯಾದದ್ದನ್ನು ಮಾಡಿದವರಿಗೆ ನಿದ್ದೆ ಬರುತ್ತದೆ ಎಂದು ಹಾಸ್ಟೆಲಿನ ಹುಡುಗಿಯರಿಗೆ ಹೇಳುತ್ತಿದ್ದೆನಲ್ಲ, ಅದು ನಿಜವಲ್ಲ.

ಹನ್ನೆರಡನೆಯ ದಿನ ಬೆಳಿಗ್ಗೆ ಅವಳು ಬಂದಳು. ಜೊತೆಗೆ ಇಬ್ಬರು ಹುಡುಗಿಯರು, ಗಂಗವ್ವ. ಹಿಂದೆಯೇ ಸಮೀನಾ. ಅವಳನ್ನು ಕರೆಸಿದ್ದು ರೇಣುಕಾ.

"ಎಲ್ಲೈತ್ರಿ ಆ ಹಾಳಿ?" ರೇಣುಕಾ ಕೇಳಿದಳು.

ಸಮೀನಾ ಹರಡಿದಳು. ರೇಣುಕಾ ಅಡ್ಡಗೆರೆ ಇದ್ದ ಸೊನ್ನೆಯ ಮೇಲೆ ಬೆರಳಿಟ್ಟಳು. "ಇದು ನಾನೇನು? ಸತ್ತೇನಿ?"

ಹೌದೆಂದು ನಾನು ತಲೆಯಾಡಿಸಿದೆ.

"ಅಳಸ್ರಿ."

ಸಮೀನಾ ರಬ್ಬರಿನಿಂದ ಗೆರೆ ಅಳಿಸಿದಳು. ಹಾಗೇ ಆ ಸೊನ್ನೆಯ ಎರಡು ಬದಿಗೂ ಕಂಸ ಹಾಕಿ, ಅಲ್ಲಿಂದ ಗಂಗವ್ವನಿಗೆ ತುಂಡುತುಂಡು ಗೆರೆ ಎಳೆದಳು. ಉಡಿಯಲ್ಲಿ ಹಾಕಿದ್ದಕ್ಕೂ ಅವರ ಕ್ರಮದಲ್ಲಿ ಒಂದು ಗುರುತಿದೆ. ಎಲ್ಲ ದೇಶಗಳಲ್ಲೂ ಇದೇ ಗುರುತು ಎಂದಳು.

ಗಂಗವ್ವ ಬಗ್ಗಿ ನೋಡಿದಳು. "ಅಕ್ಕಂದು ಸರಳ ಗೆರಿ. ನಂದ್ಯಾಕ ಹರಕು?"

"ರಕ್ತದ ಸಂಬಂಧ ಅಲ್ಲಂತ ತೋರಿಸಾಕ್ರಿ ಅಮ್ಮಾರ."

"ಹಾಲು ಕುಡಿಸಿದ್ದು?"

"ಅದಕ್ಕ ಗುರು‌ತಿಲ್ರಿ."

ರೇಣುಕಾ ಪೆನ್ಸಿಲಿಗೆ ಕೈ ಚಾಚಿದಳು. ಸಮೀನಾ ಹಾಳೆಯನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡು, ಇನ್ನೊಂದು ಪ್ರತಿ ಬರೆದು ಕೊಟ್ಟಳು. "ನಮ್ಮ ಕಾಪಿ ಹಂಗ ಇರ್ಲಿ. ಇದು ನಿಮ್ಮದು, ಏನರ ಮಾಡ್ಕೋರಿ." ಅದರಲ್ಲಿ ರೇಣುಕಾ ಆ ತುಂಡುಗಳ ನಡುವಿನ ಸಂದುಗಳನ್ನು ಒಂದೊಂದಾಗಿ ತುಂಬಿದಳು. ಆಮೇಲೆ ರಕ್ತಕ್ಕೆ ತೋಳು ಚಾಚಿದಳು. ಸೃಷ್ಟಿ ಅತ್ತಳು. ಅಕ್ಷತಾ ಅಳಲಿಲ್ಲ.

ಫಾಲ್ಗುಣದಲ್ಲಿ ಫಲಿತಾಂಶ ಬಂತು. ರೇಣುಕಾಗೆ ಇದೆ. ಅಕ್ಷತಾಗೆ ಇದೆ. ಸೃಷ್ಟಿಗೆ ಇಲ್ಲ.

ಅಕ್ಷತಾಳ ರಕ್ತನಾಳಗಳಲ್ಲಿ ಇನ್ನೂ ಏನೂ ಕಟ್ಟಿಲ್ಲ, ಈಗಲೇ ಸಿಕ್ಕಿದ್ದು ಒಳ್ಳೆಯದಾಯಿತು ಎಂದರು ಡಾಕ್ಟರು. ರೇಣುಕಾಗೆ ಟ್ರೆಡ್‌ಮಿಲ್ ಪರೀಕ್ಷೆ ಮಾಡಿದರು. ಸದ್ಯಕ್ಕೆ ಪರವಾಗಿಲ್ಲ. ಮೈಕೈ ನೋವು ಬಾರದ ಹಾಗೆ ಬೇರೆ ಗುಳಿಗೆ ಬರೆದರು. ಮಧ್ಯಾಹ್ನ ಹುಬ್ಬಳ್ಳಿಯಿಂದ ಹೊರಟು, ಸಂಜೆ ಎಲ್ಲರೂ ಭಾಗ್ಯನಗರದ ಮನೆಗೆ ಬಂದೆವು. ಸುಜಾತಾ ರೊಟ್ಟಿ ಬಡಿದಳು. ಮಹೇಶ ತಂಗಿಯ ಪಕ್ಕದಲ್ಲಿ ಕೂತು ಉಂಡ.

ಎಂಟು ಗಂಟೆಗೆ ಗುಳಿಗೆಗಳನ್ನು ಬಿಡಿಸಿ ಇಟ್ಟೆ. ನನ್ನದು, ರೇಣುಕಾದು, ಅಕ್ಷತಾದು. ಗಂಗವ್ವ ಗೋಡೆಗೆ ಒರಗಿ ನೋಡುತ್ತಿದ್ದಳು.

"ನನಗ?"

"ನಿನಗ ಏನೂ ಇಲ್ಲಲ್ಲ ಗಂಗೂ," ಅಂದೆ.

"ನನಗ ಏನೂ ಇಲ್ಲೇನು?"

ಅವಳು ಗೋಡೆ ಬಿಟ್ಟು ನೆಟ್ಟಗೆ ಕೂತಳು. ರೇಣುಕಾ ತಲೆ ಎತ್ತಲಿಲ್ಲ. ಗುಳಿಗೆಯನ್ನು ಅಂಗೈಗೆ ಹಾಕಿಕೊಂಡಳು.

"ಯವ್ವಾ, ನೀ ನೀರು ಕೊಡು. ಮೊದಲು ದೊಡ್ಡವ್ವಗ ಕೊಡು, ಆಕಿಗೆ ಹೊತ್ತು ತಪ್ಪಿದ್ರ ಆಗೂದಿಲ್ಲ." ನನ್ನ ಕಡೆ ತಿರುಗಿ, "ನುಂಗು ದೊಡ್ಡವ್ವಾ, ಏನು ನೋಡ್ತಿ?"

ಗಂಗವ್ವ ಎದ್ದು ಕೊಡದಿಂದ ತಂಬಿಗೆ ತುಂಬಿ ತಂದಳು. ನನಗೆ ಕೊಟ್ಟಳು, ರೇಣುಕಾಗೆ ಕೊಟ್ಟಳು, ಅಕ್ಷತಾಗೆ ಕೊಟ್ಟಳು. ಅಕ್ಷತಾ ನುಂಗಿ ಬಾಯಿ ತೆರೆದು ತೋರಿಸಿದಳು. ಉಳಿದ ನೀರನ್ನು ಗಂಗವ್ವ ತಾನು ಕುಡಿದಳು. ತಂಬಿಗೆ ತೊಳೆದು ಬೋರಲು ಹಾಕಿದಳು.

ಎಂಟು ಗಂಟೆ ಐದು ನಿಮಿಷ.